ಮಳೆಗೆ ಕಮೋಡು ಉಕ್ಕುತ್ತದೆ, ನಲ್ಲಿಯಲ್ಲಿ ಹಳದಿ ನೀರು ಬರುತ್ತದೆ: ಎರಡಕ್ಕೂ ಒಂದೇ ವಾಲ್ವ್ ಸಾಕೇ?

ಪ್ರಶ್ನೆ: ನೆಲಮಹಡಿ ಮತ್ತು ಮೊದಲ ಮಹಡಿ ಇರುವ ಒಂದು ವಿದ್ಯಾರ್ಥಿನಿಲಯದ ಉಸ್ತುವಾರಿ ನನ್ನದು. ಎರಡೂ ಮಹಡಿಗಳಲ್ಲಿ ಸಾಮೂಹಿಕ ಶೌಚಾಲಯಗಳಿವೆ. ಕಮೋಡುಗಳಿಗಾಗಲಿ ಯೂರಿನಲ್‌ಗಳಿಗಾಗಲಿ ಫ್ಲಶ್ ಟ್ಯಾಂಕ್ ಇಲ್ಲ. ಎಲ್ಲದಕ್ಕೂ ನೇರವಾಗಿ ಪೈಪಿಗೆ ಜೋಡಿಸಿದ ಫ್ಲಶ್ ವಾಲ್ವ್‌ಗಳಿವೆ. ಚಾವಣಿಯ ಟ್ಯಾಂಕಿನಿಂದ ಇಳಿಯುವ ಒಂದೇ ಪೈಪು ಇವುಗಳಿಗೂ ವಾಶ್‌ಬೇಸಿನ್‌ಗಳಿಗೂ ಕುಡಿಯುವ ನೀರಿನ ನಲ್ಲಿಗೂ ನೀರು ಕೊಡುತ್ತದೆ. ಜೋರು ಮಳೆಯಾದಾಗಲೆಲ್ಲ ನೆಲಮಹಡಿಯ ಫ್ಲೋರ್ ಟ್ರ್ಯಾಪ್‌ನಿಂದ (ನೆಲದ ನೀರು ಹೊರಹೋಗುವ ಬಾಯಿಯಿಂದ) ಕೊಳಚೆ ಉಕ್ಕುತ್ತದೆ, ಆಮೇಲೆ ಕಮೋಡುಗಳಲ್ಲೂ ಏರುತ್ತದೆ. ಇದು ಹಳೆಯ ತೊಂದರೆ. ಈಚೆಗೆ ಟ್ಯಾಂಕ್ ತೊಳೆಯಲು ಮೇಲಿನ ಗೇಟ್ ವಾಲ್ವ್ ಮುಚ್ಚಿದ್ದ ದಿನ, ನೆಲಮಹಡಿಯ ನಲ್ಲಿ ತಿರುಗಿಸಿದಾಗ ಮೊದಲು ಒಳ್ಳೆಯ ನೀರು ಬಂದು, ಅನಂತರ ಹಳದಿ ಬಣ್ಣದ, ದುರ್ವಾಸನೆಯ ನೀರು ಬಂದಿತು. ಅದೇ ಹೊತ್ತಿಗೆ ಮೊದಲ ಮಹಡಿಯ ಒಂದು ಕಮೋಡು ಕಟ್ಟಿಕೊಂಡು ಅಂಚಿನವರೆಗೆ ತುಂಬಿತ್ತು. ಒಂದು ನಾನ್ ರಿಟರ್ನ್ ವಾಲ್ವ್ (ಹರಿವನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಪ್ಲಂಬರ್ ಹೇಳುತ್ತಾರೆ. ಕಮೋಡಿನ ನೀರು ನಲ್ಲಿಗೆ ಬರುವುದು ಅಸಾಧ್ಯ, ಅದು ಟ್ಯಾಂಕಿನ ತಳದ ಕೆಸರೇ ಇರಬೇಕು ಎಂದು ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಯಾರ ಮಾತು ಸರಿ? ಯೂರಿನಲ್‌ಗಳಿಂದಲೂ ಇಂಥ ಅಪಾಯ ಇದೆಯೇ? ಸದ್ಯ ಆ ನಲ್ಲಿಯ ನೀರನ್ನು ಕುಡಿಯಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ಕಾಯುವಂಥದ್ದಲ್ಲವಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಕುಡಿಯಬಾರದು. ಪೈಪುಗಳನ್ನು ಕ್ಲೋರಿನ್‌ನಿಂದ ಶುದ್ಧಗೊಳಿಸಿ ನೀರಿನ ಪರೀಕ್ಷೆಯ ವರದಿ ಕೈಗೆ ಬರುವವರೆಗೆ, ಆ ಇಳಿಪೈಪಿಗೆ ಸೇರಿದ ಯಾವ ನಲ್ಲಿಯ ನೀರನ್ನೂ ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಬಳಸಬೇಡಿ. ನಲ್ಲಿಗಳ ಬಳಿ ಫಲಕ ಹಾಕಿ, ಬೇರೆ ಮೂಲದ ನೀರು ತರಿಸಿ. ಕುದಿಸಿದರೆ ಸಾಲದೇ ಎಂದು ಕೇಳುವವರಿರುತ್ತಾರೆ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ, ನಿಜ; ಆದರೆ ಕಮೋಡಿಗೆ ಸುರಿದ ಆಸಿಡ್ ಅಥವಾ ಬೇರೆ ರಾಸಾಯನಿಕವೂ ಅದೇ ನೀರಿನೊಡನೆ ಪೈಪಿಗೆ ಬಂದಿರುವ ಸಾಧ್ಯತೆ ಇದ್ದು, ಅದು ಕುದಿಸುವುದರಿಂದ ಹೋಗುವುದಿಲ್ಲ.

ನೀವು ವಿವರಿಸಿರುವುದು ಒಂದು ತೊಂದರೆಯಲ್ಲ, ಎರಡು. ಮಳೆಯಲ್ಲಿ ಉಕ್ಕುವ ಕೊಳಚೆ ಒಳಚರಂಡಿಯ ಕಡೆಯಿಂದ ಹಿಂದಕ್ಕೆ ಬರುತ್ತಿದೆ. ನಲ್ಲಿಯಲ್ಲಿ ಬಂದ ಹಳದಿ ನೀರು ಕಮೋಡಿನಿಂದ ಶುದ್ಧನೀರಿನ ಪೈಪಿನೊಳಕ್ಕೆ ಹಿಂದಕ್ಕೆ ಹೋಗಿದೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಎಲ್ಲರೂ ದೂರುತ್ತಾರೆ. ಎರಡನೆಯದು ಬಹುಪಾಲು ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ, ಮತ್ತು ನನ್ನ ವೃತ್ತಿಯಲ್ಲಿ ನಾನು ಹೆಚ್ಚು ಹೆದರುವುದು ಅದಕ್ಕೇ. ಎರಡಕ್ಕೂ ಕಾರಣ ಬೇರೆ, ಪರಿಹಾರ ಬೇರೆ. ಒಂದಕ್ಕೆ ಹಾಕಿದ ವಾಲ್ವ್ ಇನ್ನೊಂದನ್ನು ಕಿಂಚಿತ್ತೂ ತಡೆಯುವುದಿಲ್ಲ.

ಕಮೋಡಿನ ನೀರು ನಲ್ಲಿಗೆ ಬಂದದ್ದು ಹೇಗೆ

ನಿಮ್ಮ ಸಹೋದ್ಯೋಗಿಯ ಅನುಮಾನವನ್ನು ನೀವು ಬರೆದ ವಿವರವೇ ಬಗೆಹರಿಸುತ್ತದೆ. ಆ ದಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿತ್ತು. ಮುಚ್ಚಿದ ವಾಲ್ವನ್ನು ದಾಟಿ ತಳದ ಕೆಸರು ಕೆಳಗಿಳಿಯಲಾರದು. ಕೆಸರೇ ಆಗಿದ್ದರೆ ವಾಲ್ವ್ ಮತ್ತೆ ತೆರೆದ ಮೇಲೆ, ಎಲ್ಲ ನಲ್ಲಿಗಳಲ್ಲೂ, ಮಣ್ಣಿನ ಬಣ್ಣದಲ್ಲಿ ಬರಬೇಕಿತ್ತು. ನಿಮ್ಮಲ್ಲಿ ವಾಲ್ವ್ ಮುಚ್ಚಿದ್ದಾಗಲೇ, ಮೊದಲು ಒಳ್ಳೆಯ ನೀರು, ಅದರ ಹಿಂದೆ ಕೆಟ್ಟ ನೀರು ಎಂಬ ಕ್ರಮದಲ್ಲಿ ಬಂದಿದೆ.

ನಡೆದದ್ದು ಹೀಗಿರಬೇಕು. ಇಳಿಪೈಪಿನಲ್ಲಿ ನೀರು ತುಂಬಿತ್ತು. ಮೇಲಿನ ಬಾಯಿ ಮುಚ್ಚಿ, ಕೆಳಗಿನ ನಲ್ಲಿ ತೆರೆದಾಗ ಆ ನೀರು ಕೆಳಗಿಳಿಯತೊಡಗುತ್ತದೆ, ಆದರೆ ಅದರ ಜಾಗವನ್ನು ತುಂಬಲು ಮೇಲಿನಿಂದ ನೀರೂ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಆಗ ಮೊದಲ ಮಹಡಿಯ ಮಟ್ಟದಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಾಗುತ್ತದೆ. ನಲ್ಲಿಗೂ ಮೇಲಿನ ಫ್ಲಶ್ ವಾಲ್ವ್‌ಗೂ ನಡುವೆ 3 ಮೀಟರ್ ಎತ್ತರವಿದ್ದರೆ, ಸುಮಾರು 3 ಮೀಟರ್ ನೀರಿನ ಕಂಬದಷ್ಟು ಹೀರುವ ಬಲ ಅಲ್ಲಿ ಹುಟ್ಟಬಲ್ಲದು. ನೀರು ತಾನಾಗಿ ಮೇಲಕ್ಕೇರುವುದಿಲ್ಲ ಎಂಬ ಮಾತು ಸರಿಯೇ. ಆದರೆ ಇಲ್ಲಿ ನೀರು ತಾನಾಗಿ ಏರಿಲ್ಲ, ಹೊರಗಿನ ಗಾಳಿ ಅದನ್ನು ತಳ್ಳಿದೆ. ಸಮುದ್ರಮಟ್ಟದಲ್ಲಿ ವಾಯುಮಂಡಲದ ಒತ್ತಡ ನೀರನ್ನು ಸುಮಾರು 10.3 ಮೀಟರ್‌ವರೆಗೆ ಎತ್ತಬಲ್ಲದು. ತುಂಬಿದ ಕಮೋಡಿನ ಅಂಚಿನಿಂದ ಫ್ಲಶ್ ವಾಲ್ವ್‌ಗೆ ಇರುವ ದೂರ ಒಂದು ಮೀಟರ್‌ಗಿಂತಲೂ ಕಡಿಮೆ.

ಫ್ಲಶ್ ವಾಲ್ವ್ ಮುಚ್ಚಿಯೇ ಇತ್ತಲ್ಲ ಎಂಬ ಪ್ರಶ್ನೆ ಏಳಬಹುದು. ಡಯಾಫ್ರಂ (ಬಾಗುವ ರಬ್ಬರ್ ಪರದೆ) ಇರುವ ಫ್ಲಶ್ ವಾಲ್ವನ್ನು ಮುಚ್ಚಿ ಹಿಡಿದಿರುವುದು ಸರಬರಾಜು ಪೈಪಿನ ಒತ್ತಡವೇ. ಆ ಒತ್ತಡ ಇಲ್ಲವಾಗಿ, ಬದಲಿಗೆ ಹೀರುವಿಕೆ ಉಂಟಾದಾಗ, ಕಮೋಡಿನ ಕಡೆಯಿಂದ ಬರುವ ಗಾಳಿಯ ಒತ್ತಡ ಡಯಾಫ್ರಮನ್ನು ಅದರ ಪೀಠದಿಂದ ಎತ್ತಿಬಿಡುತ್ತದೆ. ಸಾಮಾನ್ಯ ಸ್ಥಿತಿಯಲ್ಲಿ ಕಮೋಡಿನ ಅಂಚಿನ ರಂಧ್ರಗಳು ನೀರಿನ ಮಟ್ಟಕ್ಕಿಂತ ಮೇಲಿರುವುದರಿಂದ ಪೈಪು ಗಾಳಿಯನ್ನೇ ಎಳೆದುಕೊಂಡು ಸುಮ್ಮನಾಗುತ್ತದೆ. ಕಮೋಡು ಕಟ್ಟಿಕೊಂಡು ಅಂಚಿನವರೆಗೆ ತುಂಬಿದಾಗ ಆ ರಂಧ್ರಗಳು ಮುಳುಗುತ್ತವೆ, ಆಗ ಎಳೆದುಕೊಳ್ಳಲು ಸಿಗುವುದು ಕೊಳಚೆ ಮಾತ್ರ. ಕೆಲವು ಕಮೋಡುಗಳಲ್ಲಿ ತಳದಲ್ಲೇ ಒಂದು ಜೆಟ್ ರಂಧ್ರ ಇರುತ್ತದೆ. ಅದು ಸದಾ ನೀರಿನಲ್ಲಿ ಮುಳುಗಿರುವುದರಿಂದ ಅಂಥವುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಎರಡು ದೋಷಗಳು ಒಂದೇ ಹೊತ್ತಿಗೆ ಕೂಡಿದಾಗ ಅನಾಹುತವಾಗುತ್ತದೆ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಟ್ಯಾಂಕ್ ತೊಳೆಯುವುದೊಂದೇ ಇದಕ್ಕೆ ಸಂದರ್ಭವಲ್ಲ. ಬೀದಿಯ ಮುಖ್ಯ ಕೊಳವೆ ಒಡೆದಾಗ, ಬೆಂಕಿ ಆರಿಸಲು ಒಮ್ಮೆಲೇ ಬಹಳ ನೀರು ಎಳೆದಾಗ, ಸರಬರಾಜು ಪೈಪಿಗೇ ನೇರವಾಗಿ ಮೋಟಾರ್ ಕೂರಿಸಿ ನೀರು ಎಳೆದಾಗ ಇದೇ ಸ್ಥಿತಿ ಉಂಟಾಗುತ್ತದೆ. 1933ರಲ್ಲಿ ಷಿಕಾಗೋದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯುತ್ತಿದ್ದಾಗ ಎರಡು ಹೋಟೆಲುಗಳಲ್ಲಿ ತಂಗಿದ್ದವರಿಗೆ ಅಮೀಬಾ ಆಮಶಂಕೆ ತಗುಲಿತು. ಸುಮಾರು 1,400 ಮಂದಿ ಕಾಯಿಲೆಬಿದ್ದರು, 98 ಮಂದಿ ಸತ್ತರು. ಹುಡುಕುತ್ತ ಹೋದಾಗ ಸಿಕ್ಕಿದ್ದು ಕುಡಿಯುವ ನೀರಿನ ಕೊಳವೆಗಳಿಗೂ ಕೊಳಚೆಯ ಕೊಳವೆಗಳಿಗೂ ನಡುವೆ ಇದ್ದ ದೋಷಯುಕ್ತ ಸಂಪರ್ಕಗಳು. ಇಂದಿನ ಪ್ಲಂಬಿಂಗ್ ನಿಯಮಗಳು ಈ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಹಿನ್ನೆಲೆಯಾಗಿ ಇಂಥ ಘಟನೆಗಳಿವೆ.

ನೀರಿನ ಕಡೆ ಏನು ಮಾಡಬೇಕು

ಫ್ಲಶ್ ವಾಲ್ವ್ ಮತ್ತು ಕಮೋಡಿನ ನಡುವಿನ ಪೈಪಿನಲ್ಲಿ ವ್ಯಾಕ್ಯೂಮ್ ಬ್ರೇಕರ್ ಎಂಬ ಚಿಕ್ಕ ಭಾಗ ಇರಬೇಕು. ಅದರ ಸುತ್ತ ಗಾಳಿಯ ರಂಧ್ರಗಳು, ಒಳಗೆ ಒಂದು ರಬ್ಬರ್ ತುಂಡು. ಫ್ಲಶ್ ಮಾಡಿದಾಗ ಹರಿಯುವ ನೀರು ರಬ್ಬರನ್ನು ತಳ್ಳಿ ರಂಧ್ರಗಳನ್ನು ಮುಚ್ಚುತ್ತದೆ. ಹರಿವು ನಿಂತು ಹೀರುವಿಕೆ ಶುರುವಾದರೆ ರಬ್ಬರು ಸರಿದು ರಂಧ್ರಗಳು ತೆರೆದುಕೊಂಡು, ಪೈಪು ಕೊಳಚೆಯ ಬದಲು ಗಾಳಿಯನ್ನು ಎಳೆದುಕೊಳ್ಳುತ್ತದೆ. ಇದರ ಮೇಲಿನ ಗುರುತುಗೆರೆ ಕಮೋಡಿನ ಅಥವಾ ಯೂರಿನಲ್‌ನ ಅಂಚಿಗಿಂತ ಕನಿಷ್ಠ 150 ಮಿ.ಮೀ. ಮೇಲಿರಬೇಕು, ಮತ್ತು ಇದರ ಮುಂದೆ ಬೇರೆ ಯಾವ ವಾಲ್ವೂ ಇರಕೂಡದು. ನಿಮ್ಮ ಕಟ್ಟಡದಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಹಲವು ಕಡೆ ಈ ಭಾಗವೇ ಇರುವುದಿಲ್ಲ. ಇದ್ದರೂ ರಬ್ಬರು ಸವೆದು ಫ್ಲಶ್ ಮಾಡಿದಾಗ ರಂಧ್ರಗಳಿಂದ ನೀರು ಚಿಮ್ಮತೊಡಗಿದಾಗ, ರಬ್ಬರು ಬದಲಿಸುವ ಬದಲು ಸುತ್ತಲೂ ಟೇಪ್ ಬಿಗಿದು ಅಥವಾ ಅಂಟು ಮೆತ್ತಿ ಸೋರಿಕೆ ನಿಲ್ಲಿಸಿರುತ್ತಾರೆ. ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಟೇಪ್ ಸುತ್ತಿದವರ ಉದ್ದೇಶ ಕೆಟ್ಟದ್ದಲ್ಲ, ಆ ರಂಧ್ರಗಳು ಏಕಿವೆ ಎಂದು ಅವರಿಗೆ ಯಾರೂ ಹೇಳಿಲ್ಲ. ದಯವಿಟ್ಟು ನೀವು ಹೇಳಿ. ಗೋಡೆಯೊಳಗೆ ಹುದುಗಿಸಿದ ಫ್ಲಶ್ ವಾಲ್ವ್‌ಗಳಾದರೆ ಈ ಭಾಗಕ್ಕೆ ಗಾಳಿಯೂ, ರಿಪೇರಿಗೆ ಕೈಯೂ ಹೋಗುವಂತೆ ತೆಗೆಯಬಹುದಾದ ಮುಚ್ಚಳ ಇರಬೇಕು.

ಪ್ಲಂಬರ್ ಹೇಳುವ ನಾನ್ ರಿಟರ್ನ್ ವಾಲ್ವ್ ಇಲ್ಲಿ ಸಾಲದು. ಅದು ಸ್ಪ್ರಿಂಗಿನ ಅಥವಾ ಫ್ಲ್ಯಾಪಿನ ಬಿಗಿತವನ್ನು ನಂಬಿ ನಿಂತಿರುವ ಸಾಧನ. ತುಕ್ಕಿನ ಒಂದು ಹಳಕು, ಸುಣ್ಣದ ಒಂದು ಕಣ ಅಥವಾ ಪೈಪಿನ ದಾರದ ಒಂದು ಎಳೆ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿಲ್ಲವೆಂಬುದು ಹೊರಗಿನಿಂದ ತಿಳಿಯುವುದೂ ಇಲ್ಲ. ಯುರೋಪಿನ ಇಎನ್ 1717 ಮಾನದಂಡ ನೀರಿನ ಅಪಾಯವನ್ನು ಐದು ವರ್ಗಗಳಾಗಿ ವಿಂಗಡಿಸುತ್ತದೆ. ಶೌಚಾಲಯದ ನೀರು ಐದನೆಯ, ಅಂದರೆ ಅತ್ಯಂತ ಅಪಾಯದ ವರ್ಗಕ್ಕೆ ಸೇರುತ್ತದೆ. ಆ ವರ್ಗಕ್ಕೆ ಸಾಮಾನ್ಯ ನಾನ್ ರಿಟರ್ನ್ ವಾಲ್ವನ್ನು ಅದು ರಕ್ಷಣೆಯೆಂದು ಒಪ್ಪುವುದಿಲ್ಲ. ನೀರಿನ ದಾರಿಯನ್ನೇ ಗಾಳಿಯಿಂದ ಕಡಿಯಬೇಕು ಎನ್ನುವುದು ಅದರ ತತ್ತ್ವ. ನನ್ನ ಅನುಭವವೂ ಅದನ್ನೇ ಹೇಳುತ್ತದೆ.

ಫ್ಲಶ್ ಟ್ಯಾಂಕ್ ಹೆಚ್ಚು ಸುರಕ್ಷಿತ ಎನ್ನುವುದು ಇದೇ ಕಾರಣಕ್ಕೆ. ಟ್ಯಾಂಕಿಗೆ ಬೀಳುವ ನೀರಿಗೂ ಕಮೋಡಿಗೂ ನಡುವೆ ಗಾಳಿಯ ಅಂತರ ಇರುತ್ತದೆ. ಆದರೆ ಅಲ್ಲಿಯೂ ಎರಡು ತಪ್ಪುಗಳು ಸಾಮಾನ್ಯ. ನೀರು ತುಂಬುವ ಫ್ಲೋಟ್ ವಾಲ್ವಿನ ಗುರುತುಗೆರೆ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಕನಿಷ್ಠ 25 ಮಿ.ಮೀ. ಮೇಲಿರಬೇಕು, ಎತ್ತರ ಹೊಂದಿಸುವಾಗ ಇದನ್ನು ತಗ್ಗಿಸಿಬಿಡುತ್ತಾರೆ. ಎರಡನೆಯದಾಗಿ, ಸದ್ದು ಕಡಿಮೆಯಾಗಲೆಂದು ತುಂಬುವ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸಿರುತ್ತಾರೆ. ನೀರನ್ನು ಹಿಂದಕ್ಕೆ ಹೀರುವುದನ್ನು ತಡೆಯುವ ವ್ಯವಸ್ಥೆಯಿಲ್ಲದ ಹಳೆಯ ವಾಲ್ವುಗಳಲ್ಲಿ ಇದು ಟ್ಯಾಂಕಿನ ನೀರನ್ನೇ ಪೈಪಿಗೆ ಹಿಂದಕ್ಕೆ ಎಳೆಯುವ ದಾರಿಯಾಗುತ್ತದೆ. ತುಂಬುವ ಬಾಯಿ ಮತ್ತು ನೀರು ಏರಬಹುದಾದ ಗರಿಷ್ಠ ಮಟ್ಟದ ನಡುವಿನ ಗಾಳಿಯ ಅಂತರ ಆ ಬಾಯಿಯ ವ್ಯಾಸದ ಎರಡರಷ್ಟು ಇರಬೇಕು, 25 ಮಿ.ಮೀ.ಗಿಂತ ಕಡಿಮೆಯಂತೂ ಇರಬಾರದು ಎಂಬುದು ಚಾವಣಿಯ ಟ್ಯಾಂಕಿಗೂ ಸಂಪಿಗೂ ಅನ್ವಯಿಸುವ ಸಾಮಾನ್ಯ ನಿಯಮ.

ಯೂರಿನಲ್‌ಗಳ ಬಗ್ಗೆ ಕೇಳಿದ್ದೀರಿ. ನೀರು ಬೀಳುವ ಬಾಯಿ ಮೇಲ್ಭಾಗದಲ್ಲಿರುವುದರಿಂದ ಕಮೋಡಿನಷ್ಟು ಸುಲಭವಾಗಿ ಅದು ಮುಳುಗುವುದಿಲ್ಲ. ಆದರೂ ನೇರ ಫ್ಲಶ್ ವಾಲ್ವ್ ಇದ್ದಲ್ಲಿ ವ್ಯಾಕ್ಯೂಮ್ ಬ್ರೇಕರ್ ಬೇಕೇ ಬೇಕು, ಸೆನ್ಸರ್ ಇರುವ ವಾಲ್ವಿಗೂ ಬೇಕು. ಸಾಲಾಗಿ ಯೂರಿನಲ್‌ಗಳಿರುವ ಕಡೆ ಮೇಲೊಂದು ಚಿಕ್ಕ ಟ್ಯಾಂಕ್ ಇಟ್ಟು ಅದರಿಂದ ಎಲ್ಲಕ್ಕೂ ನೀರು ಬಿಡುವ ಹಳೆಯ ಪದ್ಧತಿಯನ್ನು ನಾನು ಈಗಲೂ ಮೆಚ್ಚುತ್ತೇನೆ, ಏಕೆಂದರೆ ಅದರಲ್ಲಿ ಕೆಡುವ ಭಾಗಗಳು ಕಡಿಮೆ ಮತ್ತು ಗಾಳಿಯ ಅಂತರ ತಾನಾಗಿಯೇ ಇರುತ್ತದೆ.

ಶೌಚಾಲಯದಲ್ಲಿ ತೊಳೆಯಲು ಬಳಸುವ ಹೆಲ್ತ್ ಫಾಸೆಟ್ಟನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಉದ್ದದ ಪೈಪು ಕೊಕ್ಕೆಯಿಂದ ಜಾರಿ ತುದಿ ಕಮೋಡಿನ ನೀರಿನಲ್ಲಿ ಬಿದ್ದಿರುವಾಗ, ಒತ್ತುಗುಂಡಿ ಸಡಿಲಾಗಿದ್ದರೆ, ಫ್ಲಶ್ ವಾಲ್ವ್‌ಗೆ ಎಷ್ಟು ರಕ್ಷಣೆ ಕೊಟ್ಟರೂ ಅದು ವ್ಯರ್ಥ. ಪೈಪು ಕಮೋಡಿನ ಅಂಚನ್ನು ದಾಟಿ ಒಳಗೆ ಇಳಿಯದಷ್ಟು ಗಿಡ್ಡವಾಗಿರಲಿ, ಕೊಕ್ಕೆ ಎತ್ತರದಲ್ಲಿರಲಿ, ಗೋಡೆಯ ಜೋಡಣೆಯಲ್ಲಿ ಹಿಮ್ಮುಖ ಹರಿವು ತಡೆಯುವ ಸಾಧನ ಇರುವ ಮಾದರಿಯನ್ನೇ ಕೊಳ್ಳಿ.

ಇವೆಲ್ಲಕ್ಕಿಂತ ಗಟ್ಟಿಯಾದ ಪರಿಹಾರವೆಂದರೆ ಫ್ಲಶಿಗೆ ಪ್ರತ್ಯೇಕ ಟ್ಯಾಂಕ್, ಪ್ರತ್ಯೇಕ ಇಳಿಪೈಪು. ಕುಡಿಯುವ ನಲ್ಲಿಗಳೂ ಬೇಸಿನ್‌ಗಳೂ ಒಂದು ಸಾಲಿನಲ್ಲಿ, ಕಮೋಡು, ಯೂರಿನಲ್ ಮತ್ತು ಹೆಲ್ತ್ ಫಾಸೆಟ್ಟುಗಳು ಇನ್ನೊಂದರಲ್ಲಿ. ಹೆಲ್ತ್ ಫಾಸೆಟ್ಟಿನ ನೀರು ಮೈಗೆ ತಾಗುವುದರಿಂದ ಆ ಸಾಲಿನಲ್ಲಿಯೂ ಶುದ್ಧನೀರೇ ಇರಬೇಕು, ವ್ಯಾಕ್ಯೂಮ್ ಬ್ರೇಕರ್‌ಗಳೂ ಇರಬೇಕು. ಮುಂದೆ ಮರುಬಳಕೆಯ ನೀರನ್ನು ಫ್ಲಶಿಗೆ ತರುವ ಯೋಚನೆ ಇದ್ದರೆ ಅದಕ್ಕೆ ಮೂರನೆಯ ಸಾಲು ಬೇಕಾಗುತ್ತದೆ. ಹೀಗೆ ಸಾಲುಗಳನ್ನು ಬೇರ್ಪಡಿಸುವುದರ ಅಪಾಯ ಒಂದೇ, ಆದರೆ ಸಣ್ಣದಲ್ಲ: ಒಂದು ಟ್ಯಾಂಕ್ ಖಾಲಿಯಾದ ದಿನ ಯಾರೋ ಅನುಕೂಲಕ್ಕೆಂದು ಎರಡು ಸಾಲುಗಳ ನಡುವೆ ಒಂದು ತುಂಡು ಪೈಪು ಹಾಕಿ ವಾಲ್ವ್ ಕೂರಿಸುತ್ತಾರೆ, ಆ ವಾಲ್ವ್ ಒಂದು ದಿನ ತೆರೆದೇ ಉಳಿಯುತ್ತದೆ. ಎರಡು ಸಾಲುಗಳಿಗೂ ಬೇರೆ ಬಣ್ಣ ಬಳಿಸಿ, ನಕ್ಷೆಯೊಂದನ್ನು ಕಚೇರಿಯ ಗೋಡೆಗೆ ಹಾಕಿಡಿ.

ಒಳಚರಂಡಿ ಉಕ್ಕುವುದು ಬೇರೆಯೇ ಲೆಕ್ಕ

ಮಳೆಯ ತೊಂದರೆಗೆ ಬರೋಣ. ಕಮೋಡಿನಲ್ಲಿಯೇ ಟ್ರ್ಯಾಪ್ (ನೀರು ನಿಲ್ಲುವ ಬಾಗು) ಇದೆಯಲ್ಲ, ಅದು ಕೊಳಚೆಯನ್ನು ತಡೆಯಬೇಕಲ್ಲ ಎಂದು ಹಲವರು ನಂಬಿದ್ದಾರೆ. ಟ್ರ್ಯಾಪಿನಲ್ಲಿ ನಿಲ್ಲುವ ನೀರು ಸಾಮಾನ್ಯವಾಗಿ 50 ಮಿ.ಮೀ. ಆಳದ್ದು, ಅದು ಚರಂಡಿಯ ಗಾಳಿಯನ್ನು ಮಾತ್ರ ತಡೆಯುತ್ತದೆ. ಹಿಂದಿನಿಂದ ತುಂಬಿ ಬರುವ ಕೊಳಚೆಗೆ ಅದು ಅಡ್ಡಿಯೇ ಅಲ್ಲ.

ಬೀದಿಯ ಒಳಚರಂಡಿ ತುಂಬಿದಾಗ ಕೊಳಚೆ ಮ್ಯಾನ್‌ಹೋಲಿನಲ್ಲಿ ಏರುತ್ತ ಹೋಗಿ, ಮುಚ್ಚಳದ ಮಟ್ಟ ತಲುಪಿದ ಮೇಲೆ ರಸ್ತೆಗೆ ಹರಿಯುತ್ತದೆ. ಅಷ್ಟರವರೆಗೆ ಅದಕ್ಕೆ ಜೋಡಿಸಿದ ಎಲ್ಲ ಪೈಪುಗಳಲ್ಲೂ ಅದೇ ಮಟ್ಟ ಇರುತ್ತದೆ. ನಿಮ್ಮ ಫ್ಲೋರ್ ಟ್ರ್ಯಾಪ್ ಆ ಮುಚ್ಚಳಕ್ಕಿಂತ ಕೆಳಗಿದ್ದರೆ, ರಸ್ತೆಗೆ ಹೋಗುವ ಮೊದಲೇ ಕೊಳಚೆ ನಿಮ್ಮ ನೆಲಕ್ಕೆ ಬರುತ್ತದೆ. ನಿಮ್ಮಲ್ಲಿ ಮೊದಲು ಫ್ಲೋರ್ ಟ್ರ್ಯಾಪ್, ಆಮೇಲೆ ಕಮೋಡು ಎಂಬ ಕ್ರಮ ಇದಕ್ಕೆ ಸರಿಯಾಗಿ ಹೊಂದುತ್ತದೆ, ಏಕೆಂದರೆ ತೀರ ತಗ್ಗಿನ ಬಾಯಿಯೇ ಮೊದಲು ಉಕ್ಕುತ್ತದೆ. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ಲೆವೆಲ್‌ನಿಂದ ಮ್ಯಾನ್‌ಹೋಲ್ ಮುಚ್ಚಳ, ನಿಮ್ಮ ಆವರಣದ ಚೇಂಬರ್ (ಕಟ್ಟಡದ ಕೊಳಚೆ ಪೈಪುಗಳು ಸೇರುವ ಗುಂಡಿ) ಮುಚ್ಚಳ ಮತ್ತು ಫ್ಲೋರ್ ಟ್ರ್ಯಾಪುಗಳ ಮಟ್ಟಗಳನ್ನು ಅಳತೆ ಮಾಡಿಸಿ ಬರೆದಿಡಿ. ವಾಲ್ವ್ ಕೊಳ್ಳುವ ಮೊದಲು ಈ ಅಳತೆ ಆಗಲೇಬೇಕು. ಇದಿಲ್ಲದೆ ಕೊಡುವ ಯಾವ ಸಲಹೆಯೂ ಊಹೆಯೇ.

ಜೊತೆಗೆ ಉಕ್ಕಿದ ಹೊತ್ತಿನಲ್ಲಿ ಚೇಂಬರ್ ಮುಚ್ಚಳ ತೆಗೆಸಿ ನೋಡಿ, ಒಳಗೆ ಇಳಿಯಲು ಮಾತ್ರ ಯಾರಿಗೂ ಬಿಡಬೇಡಿ. ಅಲ್ಲಿನ ವಿಷಾನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ. ಚೇಂಬರ್ ತುಂಬಿದ್ದರೆ ಅಡ್ಡಿ ಅದರಾಚೆ, ಬೀದಿಯ ಕಡೆಗಿದೆ. ಖಾಲಿ ಇದ್ದರೆ ಅಡ್ಡಿ ಕಟ್ಟಡದ ಒಳಗಿನ ಪೈಪಿನಲ್ಲಿದೆ, ಮಳೆ ಕೇವಲ ನೆಪ. ಚಾವಣಿಯ ಮಳೆನೀರಿನ ಪೈಪನ್ನು ಇದೇ ಚೇಂಬರಿಗೆ ಬಿಟ್ಟಿದ್ದಾರೆಯೇ ಎಂಬುದನ್ನೂ ನೋಡಿ. ಬಿಟ್ಟಿದ್ದರೆ ಅದನ್ನು ಬೇರ್ಪಡಿಸುವುದೇ ಅರ್ಧ ಪರಿಹಾರ.

ಅಡ್ಡಿ ಬೀದಿಯ ಕಡೆಯದೇ ಎಂದು ಖಚಿತವಾದರೆ ಕೊಳಚೆಯ ಪೈಪಿಗೆ ಹಾಕುವ, ಹೊರಕ್ಕೆ ಮಾತ್ರ ತೆರೆಯುವ ಮುಚ್ಚಳದ ಫ್ಲ್ಯಾಪ್ ವಾಲ್ವ್ ಒಂದು ಆಯ್ಕೆ. ಇಲ್ಲಿ ನಿಮ್ಮ ಪ್ಲಂಬರ್ ಮಾತು ಭಾಗಶಃ ಸರಿ. ಆದರೆ ಅದನ್ನು ಎಲ್ಲಿ ಹಾಕುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಎರಡೂ ಮಹಡಿಗಳ ಪೈಪು ಸೇರಿದ ಮೇಲೆ, ಗೇಟಿನ ಬಳಿ ಒಂದೇ ವಾಲ್ವ್ ಹಾಕಿದರು ಎಂದುಕೊಳ್ಳಿ. ಮಳೆಯಲ್ಲಿ ಅದು ಮುಚ್ಚಿಕೊಳ್ಳುತ್ತದೆ, ಬೀದಿಯ ಕೊಳಚೆ ಒಳಗೆ ಬರುವುದಿಲ್ಲ. ಆದರೆ ಮೊದಲ ಮಹಡಿಯವರು ಫ್ಲಶ್ ಮಾಡುತ್ತಲೇ ಇರುತ್ತಾರೆ. 100 ಮಿ.ಮೀ. ಪೈಪಿನ ಒಂದು ಮೀಟರ್ ಉದ್ದದಲ್ಲಿ ಹಿಡಿಯುವುದು 8 ಲೀಟರ್‌ಗಿಂತ ಕಡಿಮೆ ನೀರು. 6 ಲೀಟರಿನ ಹತ್ತು ಫ್ಲಶ್‌ಗಳು ಸಾಕು, ಏಳೆಂಟು ಮೀಟರ್ ಪೈಪು ತುಂಬಿ, ಹೊರಹೋಗಲು ದಾರಿಯಿಲ್ಲದ ನಿಮ್ಮದೇ ಕೊಳಚೆ ನಿಮ್ಮದೇ ನೆಲಮಹಡಿಯಲ್ಲಿ ಉಕ್ಕುತ್ತದೆ. ಅದಕ್ಕಾಗಿಯೇ ಮ್ಯಾನ್‌ಹೋಲ್ ಮುಚ್ಚಳಕ್ಕಿಂತ ಕೆಳಗಿರುವ ಕಮೋಡು, ಯೂರಿನಲ್, ಫ್ಲೋರ್ ಟ್ರ್ಯಾಪುಗಳನ್ನು ಮಾತ್ರ ಫ್ಲ್ಯಾಪ್ ವಾಲ್ವಿನ ಮೂಲಕ ಹಾಯಿಸಿ, ಮೇಲಿನ ಮಹಡಿಯ ಪೈಪನ್ನು ವಾಲ್ವಿನಾಚೆ ಬೇರೆಯಾಗಿ ಸೇರಿಸಬೇಕು. ಹಲವು ದೇಶಗಳ ಪ್ಲಂಬಿಂಗ್ ಸಂಹಿತೆಗಳು ಇದನ್ನೇ ಹೇಳುತ್ತವೆ. ಪೈಪು ಬೇರ್ಪಡಿಸದೆ ವಾಲ್ವ್ ಮಾತ್ರ ಹಾಕುವುದಾದರೆ ಹಾಕದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ಸರಿಯಾದ ಜಾಗದಲ್ಲಿ ಹಾಕಿದ ಮೇಲೂ ವಾಲ್ವ್ ಮುಚ್ಚಿರುವಷ್ಟು ಹೊತ್ತು ನೆಲಮಹಡಿಯ ಶೌಚಾಲಯವನ್ನು ಬಳಸುವಂತಿಲ್ಲ. ಫ್ಲ್ಯಾಪಿನ ಅಂಚಿಗೆ ಬಟ್ಟೆಯ ಚೂರು, ಪ್ಯಾಡ್, ಒದ್ದೆ ವೈಪ್ ಸಿಕ್ಕಿಕೊಂಡರೆ ಅದು ತೆರೆದೇ ನಿಲ್ಲುತ್ತದೆ. ಮೇಲಿನಿಂದ ಮುಚ್ಚಳ ತೆರೆದು ಸ್ವಚ್ಛಗೊಳಿಸುವಂತೆ ಅದನ್ನು ಚೇಂಬರಿನೊಳಗೆ ಕೂರಿಸಬೇಕು, ಆರು ತಿಂಗಳಿಗೊಮ್ಮೆ ನೋಡಬೇಕು, ಮಳೆಗಾಲಕ್ಕೆ ಮುಂಚೆ ತಪ್ಪದೆ ನೋಡಬೇಕು. ನೆಲದಲ್ಲಿ ಹೂತು ಕಾಂಕ್ರೀಟ್ ಹಾಕಿದ ವಾಲ್ವ್ ಕೆಟ್ಟ ದಿನ ಯಾರಿಗೂ ತಿಳಿಯುವುದಿಲ್ಲ.

ಮಳೆ ಗಂಟೆಗಟ್ಟಲೆ ಸುರಿಯುವ, ಶೌಚಾಲಯವನ್ನು ಮುಚ್ಚಲಾಗದ ಕಡೆ ಪಂಪ್ ವ್ಯವಸ್ಥೆ ಬೇಕು: ತಗ್ಗಿನ ಕೊಳಚೆ ಒಂದು ತೊಟ್ಟಿಗೆ ಬಿದ್ದು, ಅಲ್ಲಿಂದ ಪಂಪ್ ಅದನ್ನು ರಸ್ತೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ, ಬಾಗಿದ ಪೈಪಿನ ಮೂಲಕ ಒಳಚರಂಡಿಗೆ ಇಳಿಸುತ್ತದೆ. ಆ ಎತ್ತರವೇ ರಕ್ಷಣೆ, ಬೇರಾವ ವಾಲ್ವಿಗಿಂತಲೂ ನಂಬಬಹುದಾದದ್ದು. ಇದಕ್ಕೆ ವಿದ್ಯುತ್ ಬೇಕು, ಮೀಸಲು ಪಂಪ್ ಬೇಕು, ನೋಡಿಕೊಳ್ಳುವ ಜನ ಬೇಕು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ಇನ್ನೊಂದು ಸರಳ ಕ್ರಮವಿದೆ. ಕಟ್ಟಡದ ಹೊರಗೆ, ಒಳಗಿನ ಅತಿ ತಗ್ಗಿನ ಬಾಯಿಗಿಂತ 150 ಮಿ.ಮೀ. ಕೆಳಗೆ ಚರಂಡಿ ಪೈಪಿನ ಒಂದು ತೆರೆದ ಬಾಯಿ (ಗಲ್ಲಿ ಟ್ರ್ಯಾಪ್) ಇಟ್ಟು, ಉಕ್ಕುವುದಾದರೆ ಅಲ್ಲಿಯೇ, ಬಯಲಿನಲ್ಲೇ ಉಕ್ಕಲಿ ಎಂದು ಬಿಡುತ್ತಾರೆ. ಅಂಗಳ ಹೊಲಸಾಗುತ್ತದೆ, ಮಲಗುವ ಕೋಣೆ ಉಳಿಯುತ್ತದೆ. ಸಂಪು ಹತ್ತಿರದಲ್ಲಿದ್ದರೆ ಮಾತ್ರ ಈ ದಾರಿ ಬೇಡ. ಉಕ್ಕಿದ ಕೊಳಚೆ ಸಂಪಿನ ಮುಚ್ಚಳದ ಸಂದಿಯಿಂದ ಇಳಿದರೆ ಇಡೀ ಕಟ್ಟಡದ ನೀರು ಕೆಡುತ್ತದೆ. ನಿಮ್ಮ ಚೇಂಬರಿಗೂ ಸಂಪಿಗೂ ಎಷ್ಟು ದೂರ, ಸಂಪಿನ ಕಟ್ಟೆ ನೆಲದಿಂದ ಎಷ್ಟು ಎತ್ತರ ಎಂಬುದನ್ನು ಈಗಲೇ ನೋಡಿಕೊಳ್ಳಿ.

ಮಳೆ ಶುರುವಾದಾಗ ಕಮೋಡಿಗೆ ಮರಳಿನ ಚೀಲ ತುರುಕುವುದು ಹಲವೆಡೆ ರೂಢಿ. 100 ಮಿ.ಮೀ. ಬಾಯಿಯ ಮೇಲೆ ಒಂದು ಮೀಟರ್ ಏರಿದ ಕೊಳಚೆ ಒತ್ತುವ ಬಲ ಸುಮಾರು 8 ಕಿಲೋ ತೂಕದಷ್ಟು. ಸರಿಯಾಗಿ ಕೂತ ಭಾರವಾದ ಚೀಲ ಅದನ್ನು ತಡೆದೀತು. ಆದರೆ ಕೊಳಚೆ ಆಗ ಪಕ್ಕದ ಫ್ಲೋರ್ ಟ್ರ್ಯಾಪನ್ನೋ ಸ್ನಾನದ ಕೋಣೆಯನ್ನೋ ಹುಡುಕಿಕೊಳ್ಳುತ್ತದೆ. ತುರ್ತಿಗೆ ಒಂದೆರಡು ಗಂಟೆಯ ಉಪಾಯ, ಅಷ್ಟೇ.

ಯೂರಿನಲ್ ಪೈಪಿನ ಕಲ್ಲು, ಒಣಗಿದ ಟ್ರ್ಯಾಪು

ಯೂರಿನಲ್‌ಗಳಿಂದ ಮಳೆಯಿಲ್ಲದಾಗಲೂ ಹೊಲಸು ನೀರು ಹಿಂದಕ್ಕೆ ಬರುವುದುಂಟು. ಮೂತ್ರದಲ್ಲಿನ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆದಾಗ ದ್ರವ ಕ್ಷಾರವಾಗಿ, ಅದರಲ್ಲಿನ ಮೆಗ್ನೀಷಿಯಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟುಗಳು ಪೈಪಿನ ಗೋಡೆಗೆ ಕಲ್ಲಿನಂತೆ ಕೂರುತ್ತವೆ. ಗಡಸು ನೀರಿದ್ದರೆ ಇನ್ನೂ ಬೇಗ. ನೀರು ಉಳಿಸಲೆಂದು ಫ್ಲಶ್ ತೀರ ಕಡಿಮೆ ಮಾಡಿದಲ್ಲಿ ಪೈಪಿನ ಒಳಬಾಯಿ ಬೆರಳಿನಷ್ಟಾಗಿರುವುದನ್ನು ಕತ್ತರಿಸಿ ತೋರಿಸಿದ್ದೇನೆ. ಹೀಗಾದಾಗ ಒಂದು ಯೂರಿನಲ್ ಫ್ಲಶ್ ಮಾಡಿದರೆ ಪಕ್ಕದ್ದರಲ್ಲಿ ನೀರು ಏರುತ್ತದೆ. ಇದನ್ನು ಕರಗಿಸಲು ಆಮ್ಲೀಯ ಶುಚಿಕಾರಕವೇ ಬೇಕು, ಆದರೆ ಅದನ್ನು ಬ್ಲೀಚಿಂಗ್ ಪುಡಿಯೊಡನೆ ಎಂದಿಗೂ ಬೆರೆಸಬಾರದು, ಒಂದರ ಬೆನ್ನಿಗೆ ಇನ್ನೊಂದನ್ನು ಸುರಿಯಲೂ ಬಾರದು. ಕ್ಲೋರಿನ್ ಅನಿಲ ಹುಟ್ಟುತ್ತದೆ.

ಫ್ಲಶ್ ಮಾಡಿದಾಗ ಬೇರೆ ಟ್ರ್ಯಾಪುಗಳಲ್ಲಿ ಗುಳುಗುಳು ಸದ್ದು ಕೇಳಿದರೆ ವೆಂಟ್ ಪೈಪ್ (ಕೊಳಚೆ ಪೈಪಿಗೆ ಗಾಳಿಯಾಡಿಸುವ ಕೊಳವೆ) ಮುಚ್ಚಿದೆ ಅಥವಾ ಇಲ್ಲವೇ ಇಲ್ಲ ಎಂದರ್ಥ. ಆಗ ಟ್ರ್ಯಾಪಿನ ನೀರು ಎಳೆದುಹೋಗಿ ಚರಂಡಿಯ ಗಾಳಿ ಒಳಗೆ ಬರುತ್ತದೆ. ಬಳಸದ ಫ್ಲೋರ್ ಟ್ರ್ಯಾಪುಗಳು ಒಣಗಿಯೂ ಹೀಗಾಗುತ್ತದೆ. ಇದು ಬರೀ ವಾಸನೆಯ ವಿಷಯವಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕುರೋಗ ಹರಡಿದ್ದರಲ್ಲಿ ಒಣಗಿದ ಫ್ಲೋರ್ ಟ್ರ್ಯಾಪುಗಳ ಪಾತ್ರವಿತ್ತೆಂದು ತನಿಖೆ ತೋರಿಸಿತು. ರಜೆಯಲ್ಲಿ ವಿದ್ಯಾರ್ಥಿನಿಲಯ ಖಾಲಿಯಿದ್ದಾಗ ವಾರಕ್ಕೊಮ್ಮೆ ಪ್ರತಿ ಟ್ರ್ಯಾಪಿಗೂ ಒಂದು ಚೊಂಬು ನೀರು ಹಾಕಿಸಿ.

ಕೆಲಸದ ಕ್ರಮ

ಮೊದಲು ನೀರಿನ ಕಡೆ, ಆಮೇಲೆ ಚರಂಡಿ. ಕಟ್ಟಿಕೊಂಡ ಕಮೋಡನ್ನು ಇಂದೇ ಬಿಡಿಸಿ. ಎಲ್ಲ ಫ್ಲಶ್ ವಾಲ್ವ್‌ಗಳಿಗೂ ವ್ಯಾಕ್ಯೂಮ್ ಬ್ರೇಕರ್ ಹಾಕಿಸಿ, ಅದಾಗುವವರೆಗೆ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಬೇಕಾಗಿ ಬಂದರೆ ಮೊದಲು ಪ್ರತಿ ಮಹಡಿಯಲ್ಲೂ ಫ್ಲಶಿಗೆ ಹೋಗುವ ಕವಲಿನ ವಾಲ್ವ್ ಮುಚ್ಚಿಸಿ. ಚಾವಣಿಯಲ್ಲಿ, ಗೇಟ್ ವಾಲ್ವಿನ ಕೆಳಗೆ, ಇಳಿಪೈಪಿನಿಂದ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲಕ್ಕೆ ಹೋಗುವ ಒಂದು ಗಾಳಿಯ ಪೈಪು ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿ, ಅದರ ಬಾಯಿ ಕೆಳಮುಖವಾಗಿದ್ದು ಜಾಲರಿ ಇರಲಿ. ಮೇಲಿನ ವಾಲ್ವ್ ಮುಚ್ಚಿದಾಗ ಇಳಿಪೈಪು ಅದರಿಂದ ಗಾಳಿ ತೆಗೆದುಕೊಳ್ಳುತ್ತದೆ, ಹೀರುವಿಕೆ ಬಹುಮಟ್ಟಿಗೆ ಹುಟ್ಟುವುದೇ ಇಲ್ಲ. ಖರ್ಚು ಕಡಿಮೆ, ಪ್ರಯೋಜನ ದೊಡ್ಡದು. ಆದರೂ ವ್ಯಾಕ್ಯೂಮ್ ಬ್ರೇಕರ್‌ಗೆ ಇದು ಬದಲಿಯಲ್ಲ.

ಕೆಲಸ ಮುಗಿದ ಮೇಲೆ ಸ್ವಚ್ಛಗೊಳಿಸಿದ ಒಂದು ಕಮೋಡಿನ ಹೊರದಾರಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ಅಂಚಿನವರೆಗೆ ಬಣ್ಣ ಕಲಸಿದ ನೀರು ತುಂಬಿಸಿ. ಚಾವಣಿಯ ಗಾಳಿಯ ಪೈಪಿನ ಬಾಯಿಯನ್ನು ಪರೀಕ್ಷೆಯಷ್ಟು ಹೊತ್ತು ಮುಚ್ಚಿಡಿ, ಮೇಲಿನ ಗೇಟ್ ವಾಲ್ವ್ ಮುಚ್ಚಿ ನೆಲಮಹಡಿಯ ನಲ್ಲಿ ತೆರೆಯಿರಿ. ವ್ಯಾಕ್ಯೂಮ್ ಬ್ರೇಕರ್‌ನ ರಂಧ್ರಗಳಿಂದ ಗಾಳಿ ಒಳಸೇರುವ ಸದ್ದು ಕೇಳಬೇಕು, ಕಮೋಡಿನ ಮಟ್ಟ ಇಳಿಯಬಾರದು, ನಲ್ಲಿಯಲ್ಲಿ ಬಣ್ಣ ಕಾಣಬಾರದು. ಈ ಪರೀಕ್ಷೆ ಶುದ್ಧೀಕರಣಕ್ಕೆ ಮೊದಲೇ ಆಗಬೇಕು; ಸೋತರೆ ಪೈಪು ಮತ್ತೆ ಕೆಡುತ್ತದೆ.

ಅನಂತರ ಟ್ಯಾಂಕಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವಂತೆ ದ್ರಾವಣ ಮಾಡಿಸಿ. ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ಆದರೆ 1,000 ಲೀಟರ್ ನೀರಿಗೆ 1 ಲೀಟರ್ ಸಾಕು. ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ಕ್ಲೋರಿನ್ ವಾಸನೆ ಬಂದೊಡನೆ ಮುಚ್ಚಿ, 24 ಗಂಟೆ ಹಾಗೆಯೇ ಬಿಡಿ. ಆ ಅವಧಿಯಲ್ಲಿ ಯಾರೂ ನೀರು ಬಳಸದಂತೆ, ಶೌಚಾಲಯದಲ್ಲಿ ಯಾರೂ ಆಸಿಡ್ ಸುರಿಯದಂತೆ ನೋಡಿಕೊಳ್ಳಿ. ಪೂರ್ತಿ ಬಸಿದು, ಶುದ್ಧನೀರು ತುಂಬಿಸಿ, ವಾಸನೆ ಹೋಗುವವರೆಗೆ ಹರಿಸಿದ ಮೇಲೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ನೆಲಮಹಡಿಯ ಕುಡಿಯುವ ನಲ್ಲಿ ಮತ್ತು ಇಳಿಪೈಪಿನ ತೀರ ಕೊನೆಯ ನಲ್ಲಿ, ಎರಡರ ಮಾದರಿಯೂ ಬೇಕು. 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ (ಮಲ ಬೆರೆತಿರುವುದನ್ನು ಸೂಚಿಸುವ ಬ್ಯಾಕ್ಟೀರಿಯಾ) ಒಂದೂ ಇಲ್ಲ ಎಂದು ಎರಡೂ ವರದಿಗಳು ಹೇಳಿದ ಮೇಲಷ್ಟೇ ನಲ್ಲಿಯ ಫಲಕ ತೆಗೆಯಿರಿ.